ಶರ್ಯತ್ತಿನ ಗಾಡಿಯೂ ಓಟದ ಕಾರೂ



ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಓಟದ ಪಂದ್ಯಕ್ಕೆ ‘ಶರ್ಯತ್ತು’ ಎಂದು ಹೆಸರು. ಜೋಡೆತ್ತಿನ ಗಾಡಿ ಶರ್ಯತ್ತು, ಕುದುರೆ ಗಾಡಿ ಶರ್ಯತ್ತು, ಸೈಕಲ್ ಶರ್ಯತ್ತು ಎಂದು ಜಾತ್ರೆಯ ಕರಪತ್ರಗಳಲ್ಲಿ ಈ ಮಾತು ಕಾಣುತ್ತಲೇ ಇರುತ್ತದೆ. ಇದು ಮರಾಠಿಯ ಮೂಲಕ ಬಂದ ಪದ. ಮರಾಠಿಗೆ ಬಂದದ್ದು ಅರಬ್ಬಿಯಿಂದ. ಮೂಲದಲ್ಲಿ ಅದರ ಅರ್ಥ ಓಟವೆಂದಲ್ಲ, ಕರಾರು ಎಂದು. ಕಚೇರಿಯ ಕಾಗದಗಳಲ್ಲಿ ಕಾಣುವ ‘ಷರತ್ತು’ ಅದರ ಒಡಹುಟ್ಟು. ಒಂದೇ ಬೇರಿನಿಂದ ಇಲ್ಲಿ ಓಟ, ಅಲ್ಲಿ ಕಟ್ಟುಪಾಡು ಹುಟ್ಟಿರುವುದು ಭಾಷೆಯ ಆಕಸ್ಮಿಕವೆನ್ನಿಸಬಹುದು. ಆದರೆ ಕಡಿಮೆ ಹಣದಲ್ಲಿ ಓಟದ ಗಾಡಿ ಕಟ್ಟಿದವರ ಕಥೆಯನ್ನು ಎಲ್ಲಿಂದ ಹಿಡಿದರೂ ಈ ಎರಡು ಅರ್ಥಗಳು ಮತ್ತೆ ಮತ್ತೆ ಬಂದು ಕೂಡುತ್ತವೆ.

ಈ ಸೀಮೆಗೆ ವೇಗದ ಹುಚ್ಚು ಹೊಸದೇನಲ್ಲ. ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು, ಗೆದ್ದ ಎತ್ತಿನ ಬಣ್ಣ ನೋಡಿ ಆ ವರ್ಷ ಬಿಳಿ ಬೆಳೆಯೋ ಕೆಂಪು ಬೆಳೆಯೋ ಎಂದು ಹೇಳುವುದು ಹಳೆಯ ರೂಢಿ. ಮುಧೋಳದ ಘೋರ್ಪಡೆ ಅರಸರು ಸಾಕಿ ಬೆಳೆಸಿದ ಬೇಟೆನಾಯಿ ಇಂದು ಊರಿನ ಹೆಸರನ್ನೇ ಹೊತ್ತಿದೆ. ಆ ನಾಯಿಯ ಮೈಯನ್ನೊಮ್ಮೆ ನೋಡಿದರೆ ಇಂದಿನ ವಿಷಯದ ಅರ್ಧ ಪಾಠ ಸಿಕ್ಕಂತೆ. ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಉದ್ದ ಕಾಲು, ಬೇಡದ ಮಾಂಸ ಎಲ್ಲಿಯೂ ಇಲ್ಲ.

ಕೈಯಿಂದ ಕಟ್ಟಿಕೊಳ್ಳುವ ಛಲವೂ ಇಲ್ಲಿಗೆ ಹೊಸದಲ್ಲ. ಸರ್ಕಾರಕ್ಕಾಗಿ ಕಾದು ಸಾಕಾದ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ಹಣ ಹಾಗೂ ದುಡಿಮೆಯಿಂದ ಚಿಕ್ಕಪಡಸಲಗಿಯ ಬ್ಯಾರೇಜನ್ನು 1989ರಲ್ಲಿ ಕಟ್ಟಿ ಮುಗಿಸಿದರು. ನೀರು ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಹಿಂದೆ ಟ್ರ್ಯಾಕ್ಟರ್ ಬಂತು, ಟ್ರ್ಯಾಕ್ಟರಿನ ಹಿಂದೆ ವೆಲ್ಡಿಂಗ್ ಅಂಗಡಿ, ಲೇತ್ ಅಂಗಡಿ ಬಂದವು. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಜೊತೆಗೆ ವಿದ್ಯುತ್ ಮಗ್ಗ ನಿಂತಾಗಲೂ ಹಾಗೆಯೇ. ಸವೆದ ಗೇರು, ಮುರಿದ ಶಾಫ್ಟು ದುರಸ್ತಿ ಮಾಡುವ ಕೈ ಊರಲ್ಲೇ ಇಲ್ಲದಿದ್ದರೆ ಮಗ್ಗ ನಡೆಯುವುದಿಲ್ಲ. ಹೀಗೆ ಕಬ್ಬಿಣವನ್ನು ಬಲ್ಲ ಹುಡುಗರ ಒಂದು ಪೀಳಿಗೆಯೇ ಇಲ್ಲಿದೆ. ಹಳೆಯ ಮಾರುತಿ 800, ಹಳೆಯ ಯಮಹಾ ಆರ್‌ಎಕ್ಸ್ 100, ಸಾಲ ತೀರಿದ ಟ್ರ್ಯಾಕ್ಟರ್ ಇಂಥವರ ಕೈಗೆ ಸಿಕ್ಕರೆ ಸುಮ್ಮನಿರುತ್ತದೆಯೇ? ಸೈಲೆನ್ಸರ್ ಬಿಚ್ಚುವುದು, ಎಂಜಿನ್ ಹೆಡ್ ಕೆರೆಯುವುದು ಶುರುವಾಗುತ್ತದೆ. ದುಡ್ಡು ಕಡಿಮೆ ಇರುವವನು ನಿಜವಾಗಿ ಓಟದ ವಾಹನ ಕಟ್ಟಬಲ್ಲನೇ ಎಂಬ ಪ್ರಶ್ನೆಯೂ ಆಗಲೇ ಹುಟ್ಟುತ್ತದೆ.

ಕಟ್ಟಬಲ್ಲ. ಮೊದಲು ಕಟ್ಟಿದವರು ಊರಿನ ಬಡಿಗೇರರು, ಕಂಬಾರರು.

ರೈತನ ಚಕ್ಕಡಿಯನ್ನು ನೋಡಿ. ಅದು ಭಾರ ಹೊರಲು ಹುಟ್ಟಿದ್ದು. ತಿಪ್ಪೆಗೊಬ್ಬರ, ಜೋಳದ ಕಣಿಕೆ, ಬೆಲ್ಲದ ಪೆಂಟಿ, ಕಬ್ಬು ಎಲ್ಲವನ್ನೂ ಎರೆಹೊಲದ ಕೆಸರಿನಿಂದ ಹೊರಗೆಳೆದು ತರಬೇಕು. ಅದಕ್ಕೆಂದೇ ದೊಡ್ಡ ಗಾಲಿ, ಜಾಲಿಯಂಥ ಗಟ್ಟಿ ಮರದ ಗುಂಭ ಹಾಗೂ ಅರಗಳು, ಸುತ್ತಲೂ ಕಾಯಿಸಿ ಬಿಗಿದ ಕಬ್ಬಿಣದ ಹಳಿ. ಹಳಿ ಕಟ್ಟುವ ಕೆಲಸವನ್ನು ಕಂಡವರು ಮರೆಯುವುದಿಲ್ಲ. ಗಾಲಿಗಿಂತ ತುಸು ಚಿಕ್ಕದಾದ ಕಬ್ಬಿಣದ ಬಳೆಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ಮರದ ಮೇಲೆ ಕೂರಿಸಿ, ತಕ್ಷಣ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗುತ್ತ ಮರದ ಕೀಲುಗಳನ್ನೆಲ್ಲ ಒಳಕ್ಕೆ ಅಮುಕಿ ಇಡೀ ಗಾಲಿಯನ್ನು ಒಂದೇ ತುಂಡಿನಂತೆ ಬಿಗಿಯುತ್ತದೆ. ಮೊಳೆಯಾಗಲಿ ಅಂಟಾಗಲಿ ಅಲ್ಲಿ ಬೇಕಾಗುವುದಿಲ್ಲ.

ಇಂಥ ಗಾಡಿಯನ್ನು ಶರ್ಯತ್ತಿಗೆ ತಂದರೆ ಎತ್ತು ಎಷ್ಟೇ ಚುರುಕಾಗಿದ್ದರೂ ಸೋಲುತ್ತದೆ. ಶರ್ಯತ್ತಿನ ಗಾಡಿಯೇ ಬೇರೆ. ಬಡಿಗೇರ ಮೊದಲು ಮಾಡುವ ಕೆಲಸ ತೆಗೆಯುವುದು. ಪಕ್ಕದ ಗೂಟಗಳು ಬೇಡ, ತುಂಬಿದ ಹಲಗೆ ಬೇಡ, ಹೇರು ಹೊರುವ ಅಗಲ ಬೇಡ. ಓಡಿಸುವವನ ಎರಡು ಕಾಲಿಗೆ ಆಸರೆ, ಗಾಲಿಗಳನ್ನು ಹಿಡಿದಿಡುವ ಅಚ್ಚು, ನೊಗಕ್ಕೆ ತಲುಪುವ ಈಸು ಇಷ್ಟಿದ್ದರೆ ಸಾಕು. ಅಚ್ಚು ಗುಂಭದಲ್ಲಿ ಉಜ್ಜುವ ಕಡೆ ಹಿಂದೆ ಎಣ್ಣೆ ಹಾಗೂ ಹಳೆಯ ಚಿಂದಿಯ ಉಪಚಾರವಿತ್ತು. ಬೇರಿಂಗ್ ಪೇಟೆಯಲ್ಲಿ ಸಿಗತೊಡಗಿದ ಮೇಲೆ ಅದು ಬಂತು. ಗುಂಭದೊಳಗೆ ಬೇರಿಂಗ್ ಕೂತ ದಿನ ಹಳ್ಳಿಯ ಓಟದ ಲೆಕ್ಕವೇ ಬದಲಾಯಿತು ಎನ್ನಬಹುದು.

ಗಾಲಿಯ ಅಂಚಿನ ತೂಕದಲ್ಲಿ ಒಂದು ಗುಟ್ಟಿದೆ. ಬಡಿಗೇರನಿಗೆ ಅದು ಕೈಯ ಅನುಭವದಿಂದ ಗೊತ್ತು, ಎಂಜಿನಿಯರಿಗೆ ಸೂತ್ರದಿಂದ. ಗಾಡಿಯ ಮೈಮೇಲಿನ ಒಂದು ಕಿಲೋ ಭಾರವನ್ನು ಮುಂದಕ್ಕೆ ಮಾತ್ರ ತಳ್ಳಬೇಕು. ಗಾಲಿಯ ಅಂಚಿನ ಒಂದು ಕಿಲೋವನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ತಿರುಗಿಸಬೇಕು. ನಿಂತಲ್ಲಿಂದ ವೇಗ ಹಿಡಿಯುವಾಗ ಅಂಚಿನ ಒಂದು ಕಿಲೋ ಹೆಚ್ಚುಕಡಿಮೆ ಎರಡು ಕಿಲೋದಷ್ಟು ಕಾಡುತ್ತದೆ. ಹೀಗಾಗಿ ಹಳಿ ತೆಳ್ಳಗಾಗುತ್ತದೆ. ಲಕ್ಷಗಟ್ಟಲೆ ಬೆಲೆಯ ಓಟದ ಕಾರುಗಳಿಗೆ ಹಗುರ ಮಿಶ್ರಲೋಹದ ಗಾಲಿ ಹಾಕುವುದೂ ಇದೇ ಕಾರಣದಿಂದ.

ಇನ್ನೊಂದು ಗುಟ್ಟು ಸಮತೋಲದ್ದು. ಎರಡು ಗಾಲಿಯ ಗಾಡಿ ಅಚ್ಚಿನ ಮೇಲೆ ತಕ್ಕಡಿಯಂತೆ ತೂಗುತ್ತದೆ. ಓಡಿಸುವವ ಮುಂದೆ ಸರಿದರೆ ಭಾರ ಎತ್ತಿನ ಹೆಗಲಿಗೆ ಬೀಳುತ್ತದೆ, ಹಿಂದೆ ಸರಿದರೆ ನೊಗ ಮೇಲೆದ್ದು ಕೊರಳು ಹಿಡಿಯುತ್ತದೆ. ಬಲ್ಲ ಗಾಡಿಕಾರ ಓಟದುದ್ದಕ್ಕೂ ಅಂಗುಲ ಅಂಗುಲವಾಗಿ ಜಾಗ ಬದಲಿಸುತ್ತ ಅದನ್ನು ಸರಿದೂಗಿಸುತ್ತಾನೆ. ಕಾರಿನಲ್ಲಿ ಎಂಜಿನ್ ಎಲ್ಲಿ, ಚಾಲಕ ಎಲ್ಲಿ, ಪೆಟ್ರೋಲ್ ಟ್ಯಾಂಕ್ ಎಲ್ಲಿ ಎಂದು ಎಂಜಿನಿಯರು ತಲೆ ಕೆಡಿಸಿಕೊಳ್ಳುವುದೂ ಇದಕ್ಕಾಗಿಯೇ.

ಎಳೆಯುವ ಶಕ್ತಿಯ ಆಯ್ಕೆಯೂ ಹಾಗೆಯೇ. ಕೃಷ್ಣಾ ಕಣಿವೆಯ ತಳಿ ದೊಡ್ಡ ಮೈಯದು, ಎರೆ ಭೂಮಿಯ ನೇಗಿಲಿಗೆ ಹೇಳಿಸಿದ್ದು. ಓಟಕ್ಕೆ ಬೇಕಾದದ್ದು ಖಿಲಾರಿ. ನೀಳ ಕೊಂಬು, ಬಿಗಿ ಮೈ, ಉದ್ದ ಹೆಜ್ಜೆ. ಭಾರದ ಬಂಡಿ ಎಳೆಯುವ ತೆರಬಂಡಿ ಸ್ಪರ್ಧೆಗೆ ಒಂದು ಬಗೆಯ ಎತ್ತು, ಓಟಕ್ಕೆ ಇನ್ನೊಂದು ಬಗೆ. ಒಂದೇ ಜೋಡಿಯಿಂದ ಎರಡನ್ನೂ ಗೆಲ್ಲುತ್ತೇನೆಂದು ಹೊರಟವನನ್ನು ಹಿರಿಯರು ನಕ್ಕು ಸುಮ್ಮನಾಗಿಸುತ್ತಾರೆ. ಲಾರಿಯ ಎಂಜಿನ್ನಿಗೂ ಓಟದ ಕಾರಿನ ಎಂಜಿನ್ನಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಸರಳವಾಗಿ ವಿವರಿಸುವುದು ಕಷ್ಟ.

ಈಗ ಇಂಗ್ಲೆಂಡಿನತ್ತ ತಿರುಗೋಣ. ಎರಡನೆಯ ಮಹಾಯುದ್ಧ ಮುಗಿದಾಗ ಆ ದೇಶವೂ ಬಡವಾಗಿತ್ತು. ಪೆಟ್ರೋಲ್ ಪಡಿತರದಲ್ಲಿ ಸಿಗುತ್ತಿತ್ತು. ಓಟದ ಕಾರು ಶ್ರೀಮಂತರ ಸೊತ್ತಾಗಿತ್ತು. ಆಗ ಕೆಲವು ಉತ್ಸಾಹಿಗಳು ಒಂದು ಷರತ್ತು ಹಾಕಿಕೊಂಡರು. ಎಂಜಿನ್ 500 ಸಿ.ಸಿ. ಮೀರಕೂಡದು, ಅಂದರೆ ಮೋಟಾರ್ ಸೈಕಲ್ ಎಂಜಿನ್ ಸಾಕು. 1946ರಲ್ಲಿ ಜಾನ್ ಕೂಪರ್ ಎಂಬ ತರುಣ, ಗ್ಯಾರೇಜ್ ನಡೆಸುತ್ತಿದ್ದ ತಂದೆಯ ನೆರವಿನಿಂದ, ಎರಡು ಚಿಕ್ಕ ಫಿಯಟ್ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ ಕಾರು ಮಾಡಿದ. ಮೋಟಾರ್ ಸೈಕಲ್ ಎಂಜಿನ್ ಹಿಂದಿನ ಗಾಲಿಗೆ ಸರಪಳಿಯಿಂದ ಶಕ್ತಿ ಕೊಡುತ್ತದೆ. ಸರಪಳಿ ಗಿಡ್ಡವಿರಬೇಕೆಂದರೆ ಎಂಜಿನ್ ಚಾಲಕನ ಹಿಂದೆ ಇರಬೇಕು. ಆ ಕಾಲದ ಓಟದ ಕಾರುಗಳಲ್ಲಿ ಎಂಜಿನ್ ಸಾಮಾನ್ಯವಾಗಿ ಮುಂದೆ ಇರುತ್ತಿತ್ತು. ಕೂಪರ್ ಕ್ರಾಂತಿ ಮಾಡಲು ಹೊರಟವನೇನೂ ಅಲ್ಲ, ಇದ್ದ ಸಾಮಾನಿಗೆ ಅದೇ ಅನುಕೂಲವಾಗಿತ್ತು. ಆದರೆ ಕಾರು ತಿರುವಿನಲ್ಲಿ ಅಚ್ಚರಿಯಾಗುವಷ್ಟು ಚೆನ್ನಾಗಿ ತಿರುಗಿತು. 1959 ಮತ್ತು 1960ರಲ್ಲಿ ಜಾಕ್ ಬ್ರಾಭಮ್ ಎಂಜಿನ್ ಹಿಂದಿರುವ ಕೂಪರ್ ಕಾರಿನಲ್ಲೇ ವಿಶ್ವ ಚಾಂಪಿಯನ್ ಆದರು. ಇಂದಿನ ಫಾರ್ಮುಲಾ ಒನ್ ಕಾರುಗಳಲ್ಲೆಲ್ಲ ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದೆಯೇ.

ಕಾಲಿನ್ ಚಾಪ್‌ಮನ್ ಇನ್ನೊಬ್ಬ. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿದ ಈತ ಪ್ರೇಯಸಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ 1948ರಲ್ಲಿ ತನ್ನ ಮೊದಲ ಲೋಟಸ್ ಕಟ್ಟಿದ. ಆಸ್ಟಿನ್ ಸೆವೆನ್ ಆ ದೇಶದ ಮಾರುತಿ 800 ಎನ್ನಬಹುದಾದ ಬಡವರ ಕಾರು. ಅದರ 747 ಸಿ.ಸಿ. ಎಂಜಿನ್ನನ್ನೇ ಷರತ್ತಾಗಿಟ್ಟುಕೊಂಡು ಒಂದು ಕ್ಲಬ್ಬು ಅಗ್ಗದ ಓಟ ನಡೆಸುತ್ತಿತ್ತು. ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲು ಒಳಹೋಗುವ ದಾರಿ ಎರಡೇ, ಅಂದರೆ ಎರಡೆರಡು ಸಿಲಿಂಡರಿಗೆ ಒಂದೊಂದು. ಚಾಪ್‌ಮನ್ ಆ ದಾರಿಯೊಳಗೆ ಅಡ್ಡಗೋಡೆ ಹಾಕಿ ಪ್ರತಿ ಸಿಲಿಂಡರಿಗೂ ತನ್ನದೇ ದಾರಿ ಮಾಡಿಕೊಟ್ಟ. 1951ರಲ್ಲಿ ಉಳಿದವರನ್ನೆಲ್ಲ ಹಿಂದೆ ಹಾಕಿದ. ಆಮೇಲೆ ಕ್ಲಬ್ಬು ನಿಯಮ ತಿದ್ದಿ ಆ ಉಪಾಯವನ್ನೇ ನಿಷೇಧಿಸಿತು. ಚಾಪ್‌ಮನ್‌ಗೆ ಇದು ಅನ್ಯಾಯವೇ? ಹಾಗೆ ಕಾಣಬಹುದು. ಆದರೆ ಒಬ್ಬನ ಜಾಣ್ಮೆಯನ್ನು ಸರಿಗಟ್ಟಲು ಉಳಿದವರೆಲ್ಲ ದುಡ್ಡು ಸುರಿಯತೊಡಗಿದರೆ ಅಗ್ಗದ ಓಟ ಅಗ್ಗವಾಗಿ ಉಳಿಯುವುದಿಲ್ಲ.

ಅಮೆರಿಕದಲ್ಲಿ 2006ರಲ್ಲಿ ಶುರುವಾದ ‘ಲೆಮನ್ಸ್’ ಎಂಬ ಓಟ ಈ ಮಾತನ್ನು ಇನ್ನೂ ಮುಂದಕ್ಕೆ ಒಯ್ದಿತು. ಗುಜರಿ ಕಾರುಗಳ ಆ ಪಂದ್ಯದಲ್ಲಿ ಕಾರಿನ ಬೆಲೆ 500 ಡಾಲರ್ ಮೀರಕೂಡದು ಎಂಬ ಷರತ್ತು. ಆದರೆ ಚಾಲಕನನ್ನು ಕಾಪಾಡುವ ಕಬ್ಬಿಣದ ಪಂಜರ, ಸೀಟು, ಬೆಲ್ಟು, ಬ್ರೇಕು, ಟೈರುಗಳಿಗೆ ಮಾಡುವ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ. ಎಷ್ಟು ಬೇಕಾದರೂ ಮಾಡಬಹುದು, ಮಾಡಲೇಬೇಕು. ಮಿಕ್ಕಿದ್ದರಲ್ಲಿ ಜಿಪುಣತನ, ಇದರಲ್ಲಿ ಧಾರಾಳತನ. ತಮಾಷೆಗೆಂದು ಶುರುವಾದ ಓಟದಲ್ಲಿ ಇಷ್ಟು ವಿವೇಕದ ಕಟ್ಟಳೆ ಇರುವುದು ಗಮನಿಸಬೇಕಾದ ಸಂಗತಿ.

ಭಾರತದ ಕಥೆಗೆ ಬಂದರೆ, ಮದ್ರಾಸಿನ ಬಳಿಯ ಶೋಳಾವರಂನಲ್ಲಿ ಯುದ್ಧಕಾಲದ ವಿಮಾನ ಓಡುಹಾದಿ ಇತ್ತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅಲ್ಲಿ ಓಟ ನಡೆಸಿತು. ಆಮದು ಕಷ್ಟವಾಗಿದ್ದ ಕಾಲ ಅದು. ಫಿಯಟ್, ಹೆರಾಲ್ಡ್ ಮುಂತಾದ ಮನೆಬಳಕೆಯ ಕಾರುಗಳ ಎಂಜಿನ್ ತೆಗೆದು ಶೆಡ್ಡಿನಲ್ಲಿ ಬೆಸೆದ ಚಾಸಿಗೆ ಹಾಕಿಕೊಂಡು ಬಂದವರೇ ಹೆಚ್ಚು. ಬೆಂಗಳೂರಿನ ವಿಜಯ್ ಮಲ್ಯ ವಿದೇಶದ ಎನ್ಸೈನ್ ಫಾರ್ಮುಲಾ ಒನ್ ಕಾರನ್ನು ತಂದು ಓಡಿಸಿದ್ದೂ ಅಲ್ಲಿಯೇ. ಜನ ಅದನ್ನು ಬಾಯಿ ಬಿಟ್ಟು ನೋಡಿರಬೇಕು. ಆದರೆ ಮುಂದಿನ ಪೀಳಿಗೆಗೆ ದಾರಿ ಮಾಡಿದ್ದು ಆ ಕಾರಲ್ಲ.

ದಾರಿ ಮಾಡಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಬಟ್ಟೆ ಗಿರಣಿಯ ಮನೆತನದಲ್ಲಿ ಹುಟ್ಟಿದ ಇವರಿಗೆ ಹಣದ ಕೊರತೆ ಇರಲಿಲ್ಲ. ಆದರೂ 1988ರಲ್ಲಿ ಇವರು ಹೊರತಂದ ಕಾರು ಬಡವರ ಲೆಕ್ಕಾಚಾರದ್ದು. ಮಾರುತಿ 800ರ 796 ಸಿ.ಸಿ. ಎಂಜಿನ್ ಹಾಕಿದ ಒಬ್ಬರೇ ಕೂರುವ ತೆರೆದ ಕಾರು ಅದು. ಹೆಸರು ‘ಫಾರ್ಮುಲಾ ಮಾರುತಿ’. ಎಲ್ಲರಿಗೂ ಅದೇ ಕಾರು, ಅದೇ ಎಂಜಿನ್. ಗೆಲ್ಲುವುದು ಯಾರ ಕಿಸೆ ದೊಡ್ಡದು ಎಂಬುದರಿಂದ ನಿರ್ಧಾರವಾಗಬಾರದು, ಕೈ ಹಾಗೂ ತಲೆಯಿಂದ ಆಗಬೇಕು ಎಂಬ ಷರತ್ತು. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಓಟ ಕಲಿತದ್ದು ಈ ಕಾರಿನಿಂದ. ಕರಿವರ್ಧನ್ ಅದನ್ನು ನೋಡಲು ಉಳಿಯಲಿಲ್ಲ, 1995ರಲ್ಲೇ ತೀರಿಕೊಂಡರು. ಕೊಯಮತ್ತೂರಿನ ಓಟದ ಹಾದಿಗೆ ಇಂದು ಅವರ ಹೆಸರಿದೆ.

ಸರಿ, ಹಳೆಯ ಮಾರುತಿ 800 ಕೈಯಲ್ಲಿದೆ ಎನ್ನಿ. ಅದನ್ನು ಓಟಕ್ಕೆ ಸಜ್ಜು ಮಾಡುವುದು ಹೇಗೆ?

ಹುಡುಗರು ಮೊದಲು ಕೈ ಹಾಕುವುದು ಎಂಜಿನ್ನಿಗೆ. ಅನುಭವಿಗಳು ಅದಕ್ಕೆ ಕೊನೆಗೆ ಕೈ ಹಾಕುತ್ತಾರೆ. ಸಣ್ಣ ಲೆಕ್ಕ ನೋಡಿ. ಕಾರಿನ ತೂಕ ಸುಮಾರು 650 ಕಿಲೋ, ಚಾಲಕ 70 ಕಿಲೋ, ಒಟ್ಟು 720. ಕಾರ್ಬ್ಯುರೇಟರ್ ಮಾದರಿಯ ಎಂಜಿನ್ 37 ಅಶ್ವಶಕ್ತಿಯದೆಂದು ಹಿಡಿಯೋಣ. ಹಿಂದಿನ ಸೀಟು, ನೆಲಹಾಸು, ಸದ್ದು ತಡೆಯಲು ಅಂಟಿಸಿದ ಡಾಂಬರಿನ ಹಾಳೆ, ಬಾಗಿಲೊಳಗಿನ ಹೊದಿಕೆ, ಸ್ಟೆಪ್ನಿ, ಹೀಟರ್ ಎಲ್ಲ ಕಿತ್ತು ಹೇಗೋ 100 ಕಿಲೋ ಇಳಿಸಿದರೆ ಉಳಿಯುವುದು 620. ಈಗ ಕಾರು ಮೊದಲಿನ ತೂಕದಲ್ಲೇ 43 ಅಶ್ವಶಕ್ತಿಯ ಎಂಜಿನ್ ಇದ್ದಂತೆ ವೇಗ ಹಿಡಿಯುತ್ತದೆ. ಖರ್ಚು ಒಂದು ಪಾನಾ, ಒಂದು ಉಳಿ, ಎರಡು ಭಾನುವಾರ. ಅದೇ ಆರು ಅಶ್ವಶಕ್ತಿಯನ್ನು ಎಂಜಿನ್ನಿನೊಳಗಿಂದ ಹಿಂಡಲು ಹೋದರೆ ಹಣವೂ ಹೋಗುತ್ತದೆ, ಎಂಜಿನ್ನಿನ ಆಯುಷ್ಯವೂ ಹೋಗುತ್ತದೆ. ತೂಕ ಇಳಿದರೆ ಲಾಭ ಅಲ್ಲಿಗೇ ನಿಲ್ಲುವುದಿಲ್ಲ. ಬ್ರೇಕು ಬೇಗ ಹಿಡಿಯುತ್ತದೆ, ತಿರುವಿನಲ್ಲಿ ಟೈರಿನ ಮೇಲೆ ಒತ್ತಡ ಕಡಿಮೆಯಾಗುತ್ತದೆ, ಪೆಟ್ರೋಲೂ ಉಳಿಯುತ್ತದೆ.

ಆದರೆ ತೆಗೆಯುವವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ಗೊತ್ತಿರಬೇಕು. ಬಡಿಗೇರ ಹಲಗೆಯನ್ನು ತೆಳ್ಳಗೆ ಮಾಡುತ್ತಾನೆ, ಅಚ್ಚನ್ನು ಮುಟ್ಟುವುದಿಲ್ಲ. ಕಾರಿನಲ್ಲಿಯೂ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಛಾವಣಿ ಹೊತ್ತ ಕಂಬಗಳು, ಸಸ್ಪೆನ್ಷನ್ ಕೂಡುವ ಜಾಗಗಳು ಅಚ್ಚಿಗೆ ಸಮಾನ. ಹಳೆಯ ಕಾರಾದರೆ ಅಲ್ಲಿ ತುಕ್ಕು ತಿಂದಿದೆಯೇ ಎಂದು ಮೊದಲು ನೋಡಬೇಕು. ಬಣ್ಣದ ಕೆಳಗೆ ಹಿಟ್ಟಾದ ತಗಡು ಇದ್ದರೆ ಆ ಕಾರನ್ನು ಗುಜರಿಗೇ ಬಿಡುವುದು ಲೇಸು.

ಉಳಿಸಿದ ಹಣ ಎಲ್ಲಿಗೆ ಹೋಗಬೇಕು? ನಿಲ್ಲಿಸುವುದಕ್ಕೆ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 40 ಕಿಲೋಮೀಟರಿನಲ್ಲಿ ಚೆನ್ನಾಗಿ ನಿಲ್ಲುವ ಕಾರು 80ರಲ್ಲಿ ಎರಡು ಪಟ್ಟು ದೂರದಲ್ಲಿ ನಿಲ್ಲುತ್ತದೆಂದು ನಂಬಿದವನು ಬೇಲಿಗೆ ಹೋಗಿ ತಲುಪುತ್ತಾನೆ. ಬ್ರೇಕ್ ಎಣ್ಣೆ ವರ್ಷಗಳಲ್ಲಿ ಗಾಳಿಯ ನೀರನ್ನು ಹೀರಿಕೊಂಡಿರುತ್ತದೆ. ಕಾದಾಗ ಆ ನೀರು ಆವಿಯಾಗಿ ಪೆಡಲ್ ಹತ್ತಿಯಂತೆ ಮೆತ್ತಗಾಗುತ್ತದೆ. ಹಳೆಯ ಎಣ್ಣೆ ತೆಗೆದು ಹೊಸದು ಹಾಕಲು ತಗಲುವುದು ಕೆಲವೇ ನೂರು ರೂಪಾಯಿ. ಓಟದ ಕಾರಿಗೆ ಇದಕ್ಕಿಂತ ಅಗ್ಗದ ಸುಧಾರಣೆ ಇಲ್ಲ, ಆದರೆ ಬಾನೆಟ್ ಎತ್ತಿ ಗೆಳೆಯರಿಗೆ ತೋರಿಸಲು ಇದರಲ್ಲಿ ಏನೂ ಕಾಣುವುದಿಲ್ಲವಲ್ಲ! ಆಮೇಲೆ ಟೈರು, ಆಮೇಲೆ ಶಾಕ್ ಅಬ್ಸಾರ್ಬರು. ಗಾಳಿಯ ಒತ್ತಡವನ್ನು ಒಂದೆರಡು ಪೌಂಡು ಏರಿಸಿ ಇಳಿಸಿ, ಪ್ರತಿ ಸಲ ಗಡಿಯಾರ ಹಿಡಿದು, ಪುಸ್ತಕದಲ್ಲಿ ಬರೆದಿಡುವವನು ಎರಡು ಕಾರ್ಬ್ಯುರೇಟರ್ ಜೋಡಿಸಿಕೊಂಡು ಬಂದವನನ್ನು ಸೋಲಿಸಿದ ಉದಾಹರಣೆಗಳಿಗೆ ಹವ್ಯಾಸಿ ಓಟದ ಲೋಕದಲ್ಲಿ ಬರವಿಲ್ಲ.

ಎಲ್ಲಕ್ಕಿಂತ ಮೊದಲು ಪಂಜರ. ಕಾರು ಉರುಳಿದಾಗ ತಗಡಿನ ಛಾವಣಿ ಚಾಲಕನ ತಲೆ ಕಾಯುವುದಿಲ್ಲ. ಅದರೊಳಗೆ ಬೆಸುಗೆಯ ಗೆರೆಯಿಲ್ಲದ ಉಕ್ಕಿನ ಕೊಳವೆಯನ್ನು ಬಾಗಿಸಿ, ಚಾಲಕನ ಬೆನ್ನ ಹಿಂದೆ ಒಂದು ದೊಡ್ಡ ಕಮಾನು ನಿಲ್ಲಿಸಿ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ತ್ರಿಕೋನಗಳಾಗಿ ಕೊಳವೆ ಕಟ್ಟುತ್ತಾರೆ. ಇಲ್ಲಿ ಒಂದು ಎಚ್ಚರಿಕೆ. ನೀರಿನ ನಳಕ್ಕೆ ಬಳಸುವ ಜಿ.ಐ. ಪೈಪು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ಅದರ ಸತುವಿನ ಲೇಪ ಬೆಸುಗೆಯನ್ನು ಕೆಡಿಸುತ್ತದೆ, ಅದರ ಹೊಗೆ ಬೆಸೆಯುವವನ ಆರೋಗ್ಯವನ್ನೂ ಕೆಡಿಸುತ್ತದೆ. ನೋಡಲು ಪಂಜರದಂತೆಯೇ ಇದ್ದು ಪೆಟ್ಟು ಬಿದ್ದಾಗ ಬಿಚ್ಚಿಕೊಳ್ಳುವ ಪಂಜರ, ಪಂಜರವಿಲ್ಲದ್ದಕ್ಕಿಂತ ಕೆಟ್ಟದ್ದು. ಅದು ಚಾಲಕನಿಗೆ ಸುಳ್ಳು ಧೈರ್ಯ ಕೊಟ್ಟಿರುತ್ತದೆ.

ಈ ವಿದ್ಯೆಯನ್ನು ಶಿಸ್ತಾಗಿ ಕಲಿಯುವ ದಾರಿ ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿದೆ. ವಿದ್ಯಾರ್ಥಿಗಳೇ ಒಬ್ಬರು ಕೂರುವ ಕಾರನ್ನು ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಸ್ಪರ್ಧೆ ಅಮೆರಿಕದಲ್ಲಿ ಶುರುವಾಗಿ ಲೋಕವೆಲ್ಲ ಹರಡಿತು. ಬೆಂಗಳೂರಿನ ಆರ್.ವಿ. ಕಾಲೇಜಿನ ‘ಅಶ್ವ’ ತಂಡ 2003ರಿಂದ ಈ ಕೆಲಸದಲ್ಲಿದೆ. ಮಣ್ಣಿನ ಹಾದಿಯ ಗಾಡಿಗಳಿಗಾಗಿ ‘ಬಾಹಾ’ ಎಂಬ ಇನ್ನೊಂದು ಸ್ಪರ್ಧೆ 2007ರಿಂದ ಭಾರತದಲ್ಲಿಯೂ ನಡೆಯುತ್ತಿದೆ. ಎಲ್ಲ ತಂಡಗಳಿಗೂ 10 ಅಶ್ವಶಕ್ತಿಯ ಒಂದೇ ಬಗೆಯ ಎಂಜಿನ್, ಅದನ್ನು ಬಿಚ್ಚಿ ತಿದ್ದುವಂತಿಲ್ಲ ಎಂಬುದು ಅದರ ಮೂಲ ಕಟ್ಟಳೆ. ಮತ್ತೆ ಅದೇ ಕರಿವರ್ಧನರ ತತ್ವ. ಮುಧೋಳದ ಲೇತ್ ಅಂಗಡಿಯಲ್ಲಿ ಹತ್ತು ವರ್ಷ ಕೈ ಸವೆಸಿದ ಹುಡುಗನಿಗೆ ಈ ಸ್ಪರ್ಧೆಗಳಲ್ಲಿ ಜಾಗವಿಲ್ಲ, ಕಾಲೇಜಿನ ಗುರುತಿನ ಚೀಟಿ ಬೇಕು. ಇದೊಂದು ಕೊರತೆಯೇ ಸರಿ.

ಈಗ ಕಠಿಣವಾದ ಭಾಗಕ್ಕೆ ಬರಬೇಕು. ಕಬ್ಬಿನ ಸೀಮೆಯಲ್ಲಿ ಹುಡುಗರ ಕೈಗೆ ಮೊದಲು ಸಿಗುವುದು ಕಾರಲ್ಲ, ಟ್ರ್ಯಾಕ್ಟರ್. ಟ್ರೇಲರ್ ಹಿಂದಕ್ಕೆ ಓಡಿಸುವ ಪಂದ್ಯ ಚೆಂದದ್ದು, ಕೌಶಲದ್ದು. ಆದರೆ ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವುದು, ಮುಂದಿನ ಗಾಲಿ ಗಾಳಿಗೆ ಎತ್ತುವುದು ಬೇರೆಯದೇ ಕಥೆ. ಹಗ್ಗವನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೆ ಎಂಜಿನ್ನಿನ ಬಲ ಟ್ರ್ಯಾಕ್ಟರನ್ನು ಮುಂದೊಯ್ಯುವ ಬದಲು ಅದೇ ಅಚ್ಚಿನ ಸುತ್ತ ಹಿಂದಕ್ಕೆ ಮಗುಚುತ್ತದೆ. ಮುಂಗಾಲಿ ಎದ್ದುದು ಚಾಲಕನ ಅರಿವಿಗೆ ಬಂದು, ಕಾಲು ಕ್ಲಚ್ಚಿಗೆ ಹೋಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 2023ರ ಅಕ್ಟೋಬರಿನಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಜಾತ್ರೆಯೊಂದರಲ್ಲಿ ಟ್ರ್ಯಾಕ್ಟರ್ ಸಾಹಸ ತೋರಿಸುತ್ತಿದ್ದ ಯುವಕನೊಬ್ಬ ಅದೇ ಟ್ರ್ಯಾಕ್ಟರಿನ ಕೆಳಗೆ ಸಿಕ್ಕಿ ಸತ್ತ. ಅಲ್ಲಿಯ ಸರ್ಕಾರ ಕೂಡಲೇ ಅಂಥ ಪ್ರದರ್ಶನಗಳನ್ನು ನಿಷೇಧಿಸಿತು. ಸ್ವೀಡನ್ ದೇಶ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಚಾಲಕನ ರಕ್ಷಣೆಯ ಕಮಾನು ಕಡ್ಡಾಯ ಮಾಡಿದ್ದು 1959ರಲ್ಲಿ. ಮಗುಚಿದ ಟ್ರ್ಯಾಕ್ಟರಿನಡಿ ಸಾಯುವವರ ಸಂಖ್ಯೆ ಅಲ್ಲಿ ತೀರಾ ಇಳಿಯಿತು. ಟ್ರ್ಯಾಕ್ಟರುಗಳು ಮಗುಚುವುದು ನಿಂತಿರಲಿಲ್ಲ, ಮಗುಚಿದರೂ ಚಾಲಕ ಬದುಕುಳಿಯತೊಡಗಿದ.

ರಸ್ತೆಯ ಮೇಲಿನ ಕಾನೂನು ಸ್ಪಷ್ಟವಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರು ಕೊಟ್ಟ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟಿ ಓಡಿಸಿದರೆ 189ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೇಲೆ ಹೇಳಿದಂತೆ ಸೀಟು ಕಿತ್ತು, ಪಂಜರ ಹಾಕಿದ ಕಾರು ರಸ್ತೆಗೆ ಇಳಿಯುವಂತಿಲ್ಲ ಎಂದಾಯಿತು. ಅದನ್ನು ಇನ್ನೊಂದು ಗಾಡಿಯ ಮೇಲೆ ಹೇರಿಕೊಂಡು ಓಟದ ಜಾಗಕ್ಕೆ ಒಯ್ಯಬೇಕು. ಅಗ್ಗದ ಓಟಗಾರನ ಬಜೆಟ್ಟಿನಲ್ಲಿ ಈ ಸಾಗಣೆಯ ಖರ್ಚನ್ನು ಮರೆತವರೇ ಹೆಚ್ಚು.

ಎತ್ತಿನ ಗಾಡಿ ಇದೇ ಪಾಠವನ್ನು ಕಠೋರವಾಗಿ ಕಲಿತಿತು. ಮೊಳೆ ಹೊಡೆದ ಬಾರುಕೋಲು, ಬಾಲ ತಿರುಚುವುದು, ಎತ್ತಿಗೆ ಸಾರಾಯಿ ಕುಡಿಸುವುದು ಇವೆಲ್ಲ ಓಟದ ಹೆಸರಿನಲ್ಲಿ ನಡೆದವು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಶರ್ಯತ್ತಿನ ಗಾಡಿಗೆ ಧೂಳು ಹಿಡಿಯಿತು, ಓಟಕ್ಕೆಂದೇ ಸಾಕಿದ ಖಿಲಾರಿ ಹೋರಿಯ ಬೆಲೆ ಏನಾದೀತೆಂದು ರೈತರು ಕಳವಳಪಟ್ಟರು. ಜಲ್ಲಿಕಟ್ಟಿಗಾಗಿ ತಮಿಳುನಾಡಿನಲ್ಲಿ ಎದ್ದ ಚಳವಳಿಯ ಬೆನ್ನಲ್ಲೇ ಕರ್ನಾಟಕದಲ್ಲಿ ಕಂಬಳಕ್ಕಾಗಿ ದನಿ ಎದ್ದಿತು. 2017ರಲ್ಲಿ ವಿಧಾನಮಂಡಲ ಕಂಬಳದ ಜೊತೆಗೆ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಡುವ ತಿದ್ದುಪಡಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿಯ ಮಾತನ್ನು ಗಮನಿಸಬೇಕು. ಓಟ ನಡೆಸಬಹುದು, ಆದರೆ ಪ್ರಾಣಿಗೆ ಅನಗತ್ಯ ನೋವು, ಹಿಂಸೆ ಆಗಕೂಡದೆಂಬ ಷರತ್ತಿನ ಮೇಲೆ. ಶರ್ಯತ್ತು ಉಳಿದದ್ದು ಆ ಷರತ್ತಿನಿಂದಲೇ. ಅದನ್ನು ಮುರಿದರೆ ನಾಳೆ ಮತ್ತೆ ಯಾರಾದರೂ ನ್ಯಾಯಾಲಯದ ಮೆಟ್ಟಿಲೇರಬಹುದು, ಏರಿದರೆ ತಪ್ಪೂ ಇಲ್ಲ.

ಹವ್ಯಾಸಿ ಕಾರು ಓಟಕ್ಕೆ ಈ ಸೀಮೆಯಲ್ಲಿ ಜಾಗವಿಲ್ಲವೆನ್ನುವಂತಿಲ್ಲ. ಕೊಡಗಿನಲ್ಲಿ ಕೊಯ್ಲಾದ ಭತ್ತದ ಗದ್ದೆಯಲ್ಲೇ ಆಟೊಕ್ರಾಸ್ ನಡೆಸುತ್ತಾರೆ. ಒಂದು ಸಲಕ್ಕೆ ಒಂದೋ ಎರಡೋ ಕಾರು ಓಡುತ್ತದೆ, ಗಡಿಯಾರದೊಂದಿಗೆ ಸ್ಪರ್ಧೆ. ತಿರುವುಗಳು ಹೆಚ್ಚು, ನೇರ ದಾರಿ ಕಡಿಮೆ, ಹಾಗಾಗಿ ವೇಗ ಅತಿಯಾಗುವುದಿಲ್ಲ, ಹಳೆಯ ಸಣ್ಣ ಕಾರೂ ಗೆಲ್ಲಬಹುದು. ಕಬ್ಬು ಕಡಿದು, ರವದಿ ತೆಗೆದು, ಮುಂದಿನ ನಾಟಿಗೆ ಕಾದಿರುವ ನಾಲ್ಕೈದು ಎಕರೆ ಹೊಲ ಇದಕ್ಕೆ ಸಾಕು. ಶರ್ಯತ್ತು ನಡೆಯುವುದೂ ಅಂಥ ಹೊಲಗಳಲ್ಲೇ. ಹೊಲ ಯಾರದೋ ಅವರ ಒಪ್ಪಿಗೆ, ಪೊಲೀಸರ ಅನುಮತಿ, ಒಂದು ಆಂಬುಲೆನ್ಸ್, ಪ್ರೇಕ್ಷಕರನ್ನು ದೂರವಿಡುವ ಗಟ್ಟಿ ಹಗ್ಗ, ಮೋಟಾರು ಕ್ರೀಡೆಯ ಮಾನ್ಯತೆ ಪಡೆದ ಸಂಘದ ಮೇಲ್ವಿಚಾರಣೆ ಇಷ್ಟು ಬೇಕು. ಹಗ್ಗದ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜಾತ್ರೆಯ ಗಾಡಿ ಓಟಗಳಲ್ಲಿ ಪೆಟ್ಟು ತಿನ್ನುವವರಲ್ಲಿ ಹಾದಿಗೆ ನುಗ್ಗಿ ನಿಂತ ಪ್ರೇಕ್ಷಕರೂ ಇರುತ್ತಾರೆ.

ಓಟದ ದಿನ ಬೆಳಿಗ್ಗೆ ಪ್ರತಿ ಕಾರಿನ ತಪಾಸಣೆ ನಡೆಯಬೇಕು. ಬ್ಯಾಟರಿ ಬಿಗಿದಿದೆಯೇ, ಪೆಟ್ರೋಲ್ ಸೋರುತ್ತದೆಯೇ, ಗಾಲಿಯ ನಟ್ಟುಗಳು ಪೂರ್ತಿ ಇವೆಯೇ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಎಟಕುತ್ತದೆಯೇ, ಬೆಲ್ಟು ಸೀಟಿಗೆ ಕಟ್ಟಿದೆಯೋ ಕಾರಿನ ಮೈಗೆ ಕಟ್ಟಿದೆಯೋ ಎಂದು ನೋಡಬೇಕು. ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ ಇನ್ನೊಂದು ಪರೀಕ್ಷೆ ಇರುತ್ತದೆ. ಚಾಲಕ ಹೆಲ್ಮೆಟ್ ತೊಟ್ಟು, ಬೆಲ್ಟು ಬಿಗಿದು, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಕೂರುತ್ತಾನೆ. ಸೀಟಿ ಊದಿದ ತಕ್ಷಣ ಬೆಲ್ಟು ಬಿಚ್ಚಿ, ಪಂಜರದಿಂದ ಹೊರಬಂದು, ಎರಡೂ ಪಾದ ನೆಲಕ್ಕೆ ಊರಬೇಕು. ಅದಕ್ಕೆ ಕೊಡುವ ಸಮಯ 5 ಸೆಕೆಂಡು. ಆರನೆಯ ಸೆಕೆಂಡಿಗೆ ಹೊರಬಂದವನ ಕಾರು ಎಷ್ಟೇ ವೇಗದ್ದಾಗಿರಲಿ, ಅದನ್ನು ಗುರುತಿನ ಗೆರೆಗೆ ಬಿಡುವುದಿಲ್ಲ.